ನೈಟಿ, ಚೂಡಿದಾರ, ಇಳಕಲ್ ಸೀರೆ, ಖಾದಿ: ಮನೆಯ ಮೇಜಿನ ಮುಂದೆ ಎಂಟು ವಾರ

ಮನೆಯಲ್ಲೇ ಕುಳಿತು ಕೆಲಸ ಮಾಡಲು ಯಾವ ಉಡುಪು ಒಳ್ಳೆಯದು ಎಂಬ ಈ ಹೋಲಿಕೆ ಶುರುವಾದದ್ದು ಒಂದು ಬಿಲ್ಲಿನ ತಪ್ಪಿನಿಂದ. ನಾನು ಹುಬ್ಬಳ್ಳಿಯಲ್ಲಿ ಮನೆಯಲ್ಲೇ ಕುಳಿತು ವರ್ತಕರ ಲೆಕ್ಕ ಬರೆಯುತ್ತೇನೆ. ಅಮರಗೋಳದ ಎಪಿಎಂಸಿಯ ಮೂವರು, ದುರ್ಗದಬೈಲಿನ ಎರಡು ಬಟ್ಟೆ ಅಂಗಡಿಗಳು, ಇನ್ನೂ ಕೆಲವರು. ಅವರಲ್ಲಿ ಒಬ್ಬರಿಂದ ಮಾಲು ಕೊಳ್ಳುವ ಸಂಸ್ಥೆಗೆ ಬೆಳಗಾವಿಯಲ್ಲಿ ಒಂದು, ಕೊಲ್ಹಾಪುರದಲ್ಲಿ ಒಂದು ಜಿಎಸ್‌ಟಿ ನೋಂದಣಿ ಇದೆ. ಹೆಸರು ಒಂದೇ, ರಾಜ್ಯ ಬೇರೆಯಾದ್ದರಿಂದ ಬೆಳಗಾವಿಯ ಸಂಖ್ಯೆ 29ರಿಂದ ಶುರುವಾಗುತ್ತದೆ, ಕೊಲ್ಹಾಪುರದ್ದು 27ರಿಂದ. ಕೊಲ್ಹಾಪುರಕ್ಕೆ ಹೋದ ಮಾಲನ್ನು ನಾನು ಬೆಳಗಾವಿಯ ಖಾತೆಗೆ ಹಾಕಿದ್ದೆ. ಹೊರರಾಜ್ಯದ ಮಾರಾಟಕ್ಕೆ ಐಜಿಎಸ್‌ಟಿ ಎಂದು ಬೀಳಬೇಕಾದ ತೆರಿಗೆ, ರಾಜ್ಯದೊಳಗಿನ ಮಾರಾಟದಂತೆ ಸಿಜಿಎಸ್‌ಟಿ (ಕೇಂದ್ರದ್ದು), ಎಸ್‌ಜಿಎಸ್‌ಟಿ (ರಾಜ್ಯದ್ದು) ಎಂದು ಎರಡು ಪಾಲಾಗಿ ಬಿದ್ದಿತ್ತು. ರಿಟರ್ನ್ ಸಲ್ಲಿಸುವ ಹಿಂದಿನ ರಾತ್ರಿ ಅದು ಕಣ್ಣಿಗೆ ಬಿತ್ತು. ಬೀಳದಿದ್ದರೆ ನನ್ನ ವರ್ತಕರ ಹೆಸರು ಕೆಡುತ್ತಿತ್ತು.

ಆ ಬಿಲ್ಲನ್ನು ದಾಖಲಿಸಿದ ದಿನ ನೆನಪಿಸಿಕೊಂಡೆ. ಬೆಳಗ್ಗೆಯಿಂದ ನೈಟಿಯಲ್ಲೇ ಇದ್ದೆ. ಒಂದು ಬಿಲ್ಲಿಗೂ ಇನ್ನೊಂದಕ್ಕೂ ನಡುವೆ ಎದ್ದು ಹಾಲು ಇಳಿಸಿದ್ದೆ, ಬಟ್ಟೆ ಒಣಗಿಸಿದ್ದೆ, ಬಾಗಿಲಿಗೆ ಬಂದ ಗ್ಯಾಸ್ ಸಿಲಿಂಡರ್ ತೆಗೆದುಕೊಂಡಿದ್ದೆ. 2020ರ ಮಾರ್ಚ್‌ಗೆ ಮುಂಚೆ, ಕೊಪ್ಪೀಕರ ರಸ್ತೆಯ ಕಚೇರಿಗೆ ಹೋಗುತ್ತಿದ್ದಾಗ, ಇಂಥ ತಪ್ಪು ನನ್ನಿಂದ ಆದದ್ದು ಕಡಿಮೆ. ಲೆಕ್ಕ ಬರೆಯುವ ಅದೇ ಟ್ಯಾಲಿ ತಂತ್ರಾಂಶ, ಅದೇ ಕೈ. ಬದಲಾದದ್ದರಲ್ಲಿ ಮೊದಲು ಕಂಡದ್ದು ಬಟ್ಟೆ.

ಹಾಗಾಗಿ ಏಪ್ರಿಲ್ ಮೊದಲ ವಾರದಿಂದ ಎಂಟು ವಾರ ನಾಲ್ಕು ಉಡುಪುಗಳನ್ನು ಸರದಿಯಂತೆ ತೊಟ್ಟು ನೋಡಿದೆ. ಮೊದಲ ನಾಲ್ಕು ವಾರ ಕಳೆದ ಮೇಲೆ ಸರದಿಯನ್ನು ಒಂದು ದಿನ ಮುಂದಕ್ಕೆ ಸರಿಸಿದೆ. ಇಲ್ಲದಿದ್ದರೆ ನೈಟಿಗೆ ಸೋಮವಾರವೂ ಸೀರೆಗೆ ಮಂಗಳವಾರವೂ ಅಂಟಿಕೊಂಡುಬಿಡುತ್ತಿದ್ದವು. ತಿಂಗಳ 11ಕ್ಕೆ ಸಲ್ಲಿಸಬೇಕಾದ ಮಾರಾಟದ ವಿವರ (ಜಿಎಸ್‌ಟಿಆರ್-1), 20ಕ್ಕೆ ಸಲ್ಲಿಸಬೇಕಾದ ತೆರಿಗೆಯ ಒಟ್ಟು ಲೆಕ್ಕ (ಜಿಎಸ್‌ಟಿಆರ್-3ಬಿ) ಹತ್ತಿರವಾದಾಗ ಯಾವ ಬಟ್ಟೆ ತೊಟ್ಟರೂ ಕೈ ಓಡುತ್ತದೆ, ಆದ್ದರಿಂದ ಆ ಎರಡು ತಾರೀಖುಗಳನ್ನೂ ಅವುಗಳ ಹಿಂದಿನ ದಿನವನ್ನೂ ಲೆಕ್ಕದಿಂದ ಬಿಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಬರೆದೆ: ಎಷ್ಟು ಗಂಟೆಗೆ ಕುಳಿತೆ, ಊಟದ ಹೊತ್ತಿಗೆ ಎಷ್ಟು ಬಿಲ್ಲು ದಾಖಲಾದವು, ಅಷ್ಟರಲ್ಲಿ ಎಷ್ಟು ಸಲ ಎದ್ದೆ, ಸಂಜೆ ಮರುಪರಿಶೀಲನೆಯಲ್ಲಿ ಎಷ್ಟು ತಪ್ಪು ಸಿಕ್ಕವು. ಮನೆಯಲ್ಲಿ ಅತ್ತೆ, ಬೇಸಿಗೆ ರಜೆಯಲ್ಲಿದ್ದ ಮಗಳು. ಮೇಜು ಇರುವುದು ನಡುಮನೆಯಲ್ಲಿ. ನನಗೆ ಬೇರೆ ಕೋಣೆ ಇಲ್ಲ. ಈ ಕೊನೆಯ ಮಾತು ಮುಖ್ಯ, ಮುಂದೆ ಮತ್ತೆ ಬರುತ್ತದೆ.

ನೈಟಿಯ ವಿಷಯದಲ್ಲಿ ಅನ್ಯಾಯ ಮಾಡಬಾರದು. ಹುಬ್ಬಳ್ಳಿಯ ಏಪ್ರಿಲ್ ಸೆಕೆಯಲ್ಲಿ ಮೈಗೆ ಗಾಳಿ ಕೊಡುವ ಹತ್ತಿಯ ನೈಟಿಯಷ್ಟು ಹಿತವಾದ ಉಡುಪು ಇನ್ನೊಂದಿಲ್ಲ. ಸೊಂಟಕ್ಕೆ ಬಿಗಿಯಿಲ್ಲ, ಇಸ್ತ್ರಿ ಬೇಡ, ಬೆಲೆ ಕಡಿಮೆ. ನಮ್ಮ ಓಣಿಯ ಅರ್ಧದಷ್ಟು ದುಡಿಮೆ ನೈಟಿಯಲ್ಲೇ ನಡೆಯುತ್ತದೆ. ಆದರೆ ಹನ್ನೊಂದು ದಿನಗಳ ಲೆಕ್ಕ ತೆಗೆದಾಗ ಊಟದ ಹೊತ್ತಿಗೆ ಸರಾಸರಿ 37 ಬಿಲ್ಲು, ಎದ್ದದ್ದು ಸರಾಸರಿ ಹದಿಮೂರು ಸಲ. ಕುಳಿತುಕೊಳ್ಳುವುದೇ ಹತ್ತು ಗಂಟೆಯ ಮೇಲೆ. ಸ್ನಾನವಾದ ಮೇಲೂ ಮತ್ತೊಂದು ನೈಟಿಯನ್ನೇ ಹಾಕುವುದರಿಂದ ಅಡುಗೆಮನೆ ಮುಗಿದು ಕೆಲಸ ಶುರುವಾಯಿತು ಎಂಬ ಗೆರೆಯೇ ಇರುತ್ತಿರಲಿಲ್ಲ. ಬಾಗಿಲ ಗಂಟೆ ಬಾರಿಸಿದರೆ ಹೆಗಲಿಗೆ ವೇಲ್ ಹುಡುಕಬೇಕು. ಆ ಹುಡುಕಾಟಕ್ಕೆ ಎದ್ದವಳು ಹಾಗೆಯೇ ಇನ್ನೆರಡು ಕೆಲಸ ಮುಗಿಸಿ ಬರುತ್ತಿದ್ದೆ.

ಇನ್ನೊಂದು ತೊಂದರೆ ಜೇಬಿನದು. ವರ್ತಕರ ರಿಟರ್ನ್ ಸಲ್ಲಿಸುವಾಗ ಒಟಿಪಿ ಅವರ ಮೊಬೈಲಿಗೆ ಹೋಗುತ್ತದೆ, ಅವರು ಕರೆ ಮಾಡಿ ಅದನ್ನು ಓದಿ ಹೇಳುತ್ತಾರೆ. ಅದಕ್ಕೆ ಇರುವ ಸಮಯ ಕೆಲವೇ ನಿಮಿಷ. ನನ್ನ ನೈಟಿಗಳಿಗೆ ಜೇಬಿಲ್ಲ. ಮೊಬೈಲ್ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದು, ಎರಡು ಸಲ ಒಟಿಪಿ ಅವಧಿ ಮುಗಿದು ಮತ್ತೆ ಕೇಳಬೇಕಾಯಿತು.

ಚೂಡಿದಾರ ಎಂದರೆ ಇಲ್ಲಿ ಕಚೇರಿಗೆ ಹೋಗುತ್ತಿದ್ದಾಗಿನ ಪೂರ್ತಿ ಸಿದ್ಧತೆ: ಇಸ್ತ್ರಿ ಮಾಡಿದ ಟಾಪ್, ಪಿನ್ನು ಹಾಕಿದ ವೇಲ್, ಕೈಗಡಿಯಾರ, ಬಿಗಿಯಾಗಿ ಹೆಣೆದ ಜಡೆ. ಮೊದಲ ದಿನವೇ ಒಂಬತ್ತೂವರೆಗೆ ಮೇಜಿನ ಮುಂದಿದ್ದೆ. ಮಗಳು ಬಂದು, "ಅಮ್ಮ, ಎಲ್ಲಿಗೆ ಹೋಗುತ್ತಿದ್ದೀಯಾ?" ಎಂದು ಕೇಳಿದಳು. ಎಲ್ಲಿಗೂ ಇಲ್ಲ, ಕೆಲಸಕ್ಕೆ ಕುಳಿತಿದ್ದೇನೆ ಎಂದೆ. ಅವಳು ನನ್ನ ಗಡಿಯಾರ ನೋಡಿದಳು, ಬಣ್ಣದ ಪೆನ್ಸಿಲ್ ಡಬ್ಬಿ ತೆರೆಸಲು ಅಜ್ಜಿಯ ಹತ್ತಿರ ಹೋದಳು. ನೈಟಿಯಲ್ಲಿ ಇದ್ದಿದ್ದರೆ ಆ ಡಬ್ಬಿ ನನ್ನ ಕೀಬೋರ್ಡಿನ ಮೇಲೆ ಬರುತ್ತಿತ್ತು. ಆ ಗಳಿಗೆಯಲ್ಲಿ ಏನೋ ಹೊಳೆದಂತಾದರೂ ಅದರ ಬೆಲೆ ತಿಳಿದದ್ದು ಎಂಟು ವಾರಗಳ ಕೊನೆಗೆ. ಬೆಳಗಿನ ಸರಾಸರಿ 52 ಬಿಲ್ಲು, ಎದ್ದದ್ದು ಐದು ಸಲ.

ಆದರೆ ಚೂಡಿದಾರ ಮಧ್ಯಾಹ್ನ ಸೋಲುತ್ತದೆ. ಎರಡು ರೊಟ್ಟಿ, ಪಲ್ಯ, ಅನ್ನ ಉಂಡು ಕುಳಿತರೆ ಲಾಡಿ ಹೊಟ್ಟೆಗೆ ಕೊರೆಯುತ್ತದೆ. ನನ್ನ ಕಚೇರಿಯ ಉಡುಪುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತ ಬಟ್ಟೆಯವು. ಅಲ್ಲಿ ಹವಾನಿಯಂತ್ರಣ ಇತ್ತು, ಇಲ್ಲಿ ಇರುವುದು ಫ್ಯಾನು. ಮೂರು ಗಂಟೆಗೆ ಬೆನ್ನು ಒದ್ದೆ. ಸಂಜೆ ಸಿಕ್ಕ ತಪ್ಪುಗಳಲ್ಲಿ ಮುಕ್ಕಾಲು ಪಾಲು ಊಟದ ನಂತರದ ಬಿಲ್ಲುಗಳವು. ಮೂರು ಸಲ ತಡೆಯಲಾರದೆ ನೈಟಿಗೆ ಬದಲಾಯಿಸಿದೆ. ಆ ಮೂರು ದಿನವೂ ಕೆಲಸ ಅಲ್ಲಿಗೇ ನಿಂತಿತು.

ಮೇಲೆ ಚೂಡಿದಾರದ ಟಾಪ್, ಕೆಳಗೆ ರಾತ್ರಿಯ ಪ್ಯಾಂಟು: ವಿಡಿಯೊ ಕರೆಗಳಿಗಾಗಿ ಅನೇಕರು ಮಾಡುವ ಈ ಅರ್ಧ ವೇಷವನ್ನೂ ಎರಡು ದಿನ ನೋಡಿದೆ. ನನ್ನ ಕೆಲಸದಲ್ಲಿ ವಿಡಿಯೊ ಕರೆ ಬಲು ಅಪರೂಪ. ಬಿಟ್ಟುಬಿಟ್ಟೆ.

ಸೀರೆಯನ್ನು ಸೇರಿಸಿದ್ದು ಅತ್ತೆಯವರಿಂದಾಗಿ. ಅವರು ನಲವತ್ತು ವರ್ಷ ಸೀರೆಯುಟ್ಟೇ ಎಲ್ಲ ಕೆಲಸ ಮಾಡಿದವರು, ಈಗಲೂ ಮಾಡುತ್ತಾರೆ. ನನ್ನ ತಾಯಿ ಕೊಟ್ಟ ಒಂದು ಹಳೆಯ ಇಳಕಲ್ ಸೀರೆ ಪೆಟ್ಟಿಗೆಯಲ್ಲಿ ಸುಮ್ಮನೆ ಮಡಚಿ ಕುಳಿತಿತ್ತು. ಅದಕ್ಕೆ ಜೊತೆಯಾಗಿ ಇನ್ನೊಂದು ಹತ್ತಿ ಸೀರೆ ತೆಗೆದಿಟ್ಟೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸಿನ ಎಳೆಗಳನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲುಗಳನ್ನು, ಕೊಂಡಿಯಂತೆ ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ, ಅದರಿಂದಾಗಿ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧಮಾಡಬೇಕು. ಇಷ್ಟು ಶ್ರದ್ಧೆಯಿಂದ ನೇಯ್ದದ್ದನ್ನು ಉಟ್ಟು ಕುಳಿತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ ಎಂಬುದು ನನ್ನ ಅನುಭವ. ಚೂಡಿದಾರದ ದಿನ ಕುತ್ತಿಗೆ ಮುಂದಕ್ಕೆ ಬಾಗುತ್ತಿತ್ತು, ಸೀರೆಯ ದಿನ ಬಾಗಲಿಲ್ಲ. ಸೆಕೆಯೂ ಅಷ್ಟಾಗಿ ಕಾಡಲಿಲ್ಲ. ಬೆಳಗಿನ ಸರಾಸರಿ 48. ತಪ್ಪುಗಳು ನಾಲ್ಕರಲ್ಲಿ ಅತಿ ಕಡಿಮೆ.

ಸೋತದ್ದು ಕುರ್ಚಿಯಿಂದ. ನನ್ನದು ಗಾಲಿಯ ಕುರ್ಚಿ. ಎರಡನೆಯ ಸರದಿಯ ದಿನ ಕಡತ ತೆಗೆಯಲು ಹಿಂದೆ ಸರಿದಾಗ ಸೆರಗು ಗಾಲಿಗೆ ಸುತ್ತಿಕೊಂಡಿತು. ಬಿಡಿಸುವಷ್ಟರಲ್ಲಿ ಕೆಂಪು ರೇಷ್ಮೆಯ ಮೇಲೆ ಗೇಣುದ್ದ ಕಪ್ಪು ಜಿಡ್ಡು ಹತ್ತಿತ್ತು. ಇಂದಿಗೂ ಪೂರ್ತಿ ಹೋಗಿಲ್ಲ, ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತೆ. ಹಾಗೆ ಸಿಕ್ಕಿಸಿದ ತಕ್ಷಣ ಅತ್ತೆ, "ಬಿಡುವಾಗಿದ್ದರೆ ಈ ಹಪ್ಪಳದ ಹಿಟ್ಟು ನಾದಿಕೊಡು" ಎಂದರು. ಸೆರಗು ಸಿಕ್ಕಿಸಿದವಳು ಮನೆಗೆಲಸಕ್ಕೆ ನಿಂತವಳು ಎಂದೇ ಅವರ ಕಣ್ಣಿಗೆ ಅರ್ಥ. ಅವರನ್ನು ನಾನು ದೂರುವುದಿಲ್ಲ. ನಲವತ್ತು ವರ್ಷ ಆ ಸೆರಗಿನ ಅರ್ಥ ಅದೇ ಆಗಿತ್ತು.

ಖಾದಿಯನ್ನು ನಾಲ್ಕನೆಯದಾಗಿ ಸೇರಿಸಿದ್ದು ಊರಿನ ಮೇಲಿನ ಅಭಿಮಾನದಿಂದ. 1957ರಲ್ಲಿ ಶುರುವಾಗಿ ಇಂದು ರಾಷ್ಟ್ರಧ್ವಜಗಳನ್ನು ತಯಾರಿಸುವ ಖಾದಿ ಸಂಘ ಇರುವುದು ನಮ್ಮ ಬೆಂಗೇರಿಯಲ್ಲೇ. ಅಲ್ಲಿಂದ ಬಟ್ಟೆ ತಂದು ಎರಡು ಕುರ್ತಾ, ಎರಡು ಸಡಿಲ ಪೈಜಾಮ ಹೊಲಿಸಿದೆ. ಕುರ್ತಾಕ್ಕೆ ಎರಡೂ ಬದಿಗೆ ಜೇಬು, ಪೈಜಾಮಕ್ಕೆ ಲಾಡಿಯ ಬದಲು ಅಗಲವಾದ ಎಲಾಸ್ಟಿಕ್. ದರ್ಜಿಗೆ ಎರಡೆರಡು ಸಲ ಹೇಳಬೇಕಾಯಿತು, ಹೆಣ್ಣುಮಕ್ಕಳ ಕುರ್ತಾಕ್ಕೆ ಅಷ್ಟು ಆಳದ ಜೇಬು ಅವರು ಹೊಲಿದಿರಲಿಲ್ಲವಂತೆ.

ಬೆಳಗಿನ ಸರಾಸರಿ 53, ಚೂಡಿದಾರಕ್ಕಿಂತ ಒಂದೇ ಹೆಚ್ಚು. ವ್ಯತ್ಯಾಸ ಕಂಡದ್ದು ಊಟದ ಮೇಲೆ: ಐದು ಗಂಟೆಯವರೆಗೂ ಕುಳಿತಿರಲು ಆಗುತ್ತಿತ್ತು. ಬೆವರನ್ನು ಬಟ್ಟೆ ಹೀರಿಕೊಳ್ಳುತ್ತಿತ್ತು, ಮೊಬೈಲ್ ತೊಡೆಯ ಪಕ್ಕದಲ್ಲೇ ಇರುತ್ತಿತ್ತು. ಬಾಗಿಲಿಗೆ ಯಾರು ಬಂದರೂ ಇದ್ದ ಹಾಗೇ ಎದ್ದು ಹೋಗಬಹುದು, ಹಾಗೇ ಮರಳಿ ಬರಬಹುದು. ಕೊರತೆಯೂ ಇದೆ. ಮೊದಲ ಎರಡು ಒಗೆತಕ್ಕೆ ಬಣ್ಣ ಬಿಟ್ಟಿತು, ಮಡಿಕೆ ಬೇಗ ಬೀಳುತ್ತದೆ, ತೆಳುವಾದ ಗಂಜಿ ಹಾಕದಿದ್ದರೆ ಮಧ್ಯಾಹ್ನಕ್ಕೆ ಹಿಂಡಿ ಹರವಿದಂತೆ ಕಾಣುತ್ತದೆ. ಬೆಲೆ ಎರಡು ನೈಟಿಗಿಂತ ಹೆಚ್ಚು.

ಇಲ್ಲಿಗೆ ನಿಲ್ಲಿಸಿದ್ದರೆ ತೊಟ್ಟ ಬಟ್ಟೆ ಮನಸ್ಸನ್ನು ಚುರುಕುಗೊಳಿಸುತ್ತದೆ ಎಂದು ಬರೆದು ಮುಗಿಸುತ್ತಿದ್ದೆ. ಹಾಗೆ ಹೇಳುವ ಹೆಸರುವಾಸಿ ಅಧ್ಯಯನವೂ ಇದೆ. 2012ರಲ್ಲಿ ಹಾಜೋ ಆಡಂ ಮತ್ತು ಆಡಂ ಗಲಿನ್‌ಸ್ಕಿ ಎಂಬ ಸಂಶೋಧಕರು ಒಂದೇ ಬಿಳಿ ಕೋಟನ್ನು ಕೆಲವರಿಗೆ ವೈದ್ಯರದು, ಕೆಲವರಿಗೆ ಚಿತ್ರಕಾರರದು ಎಂದು ಹೇಳಿ ತೊಡಿಸಿದರು. ವೈದ್ಯರದು ಎಂದು ತಿಳಿದು ತೊಟ್ಟವರ ಗಮನ ಹೆಚ್ಚು ಚುರುಕಾಗಿತ್ತು ಎಂದು ವರದಿ ಮಾಡಿದರು. ಆದರೆ ಅದೇ ಪ್ರಬಂಧದ ಮೊದಲ ಪ್ರಯೋಗವನ್ನು ಬೇರೆ ಸಂಶೋಧಕರು ಮತ್ತೆ ಮಾಡಿ 2019ರಲ್ಲಿ ಪ್ರಕಟಿಸಿದಾಗ ಆ ಪರಿಣಾಮ ಕಾಣಲಿಲ್ಲ. ನನ್ನ ಮನೆಯಲ್ಲೂ ಮರುಪರೀಕ್ಷೆಯೊಂದು ತಾನಾಗಿ ಒದಗಿಬಂತು.

ಮೇ ಕೊನೆಯಲ್ಲಿ ಅತ್ತೆ ಮಗಳನ್ನು ಕರೆದುಕೊಂಡು ಐದು ದಿನ ಗದಗಿಗೆ ಹೋದರು. ಪತಿ ಬೆಳಗ್ಗೆಯೇ ಕೆಲಸಕ್ಕೆ ಹೊರಡುತ್ತಾರೆ. ಆ ಐದೂ ದಿನ ನಾನು ಬೇಕೆಂದೇ ನೈಟಿಯಲ್ಲಿ ಕುಳಿತೆ. ಊಟದ ಹೊತ್ತಿಗೆ ಸರಾಸರಿ 50 ಬಿಲ್ಲು. ಎದ್ದದ್ದು ನಾಲ್ಕು ಸಲ. 37 ಎಲ್ಲಿ, 50 ಎಲ್ಲಿ! ಉಡುಪು ಅದೇ, ಕುರ್ಚಿ ಅದೇ, ಸೆಕೆ ಇನ್ನೂ ಹೆಚ್ಚು. ಉಳಿದ ಕೊರತೆ ಒಂದೇ: ಕುಳಿತುಕೊಳ್ಳುವ ಹೊತ್ತು ಮೊದಲಿನಂತೆ ತಡವಾಗಿತ್ತು.

ಐದು ದಿನದ ಲೆಕ್ಕ ಚಿಕ್ಕದು ಎಂಬುದು ಗೊತ್ತು. ಆದರೂ ಅದು ನನಗೆ ಸ್ಪಷ್ಟವಾಗಿ ಹೇಳಿದ್ದನ್ನು ಬರೆಯುತ್ತೇನೆ. ನೈಟಿ ನನ್ನ ತಲೆಯನ್ನು ಮಂಕಾಗಿಸಿರಲಿಲ್ಲ. ಈಕೆ ಈಗ ಬಿಡುವಾಗಿದ್ದಾಳೆ ಎಂದು ಅದು ಮನೆಗೆಲ್ಲ ಹೇಳುತ್ತಿತ್ತು, ನನಗೂ ಹೇಳುತ್ತಿತ್ತು. ನಡುಮನೆಯಲ್ಲಿ ಕುಳಿತವಳಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ. ಚೂಡಿದಾರ, ಖಾದಿ ಆ ಬಾಗಿಲಿನ ಕೆಲಸ ಮಾಡುತ್ತಿದ್ದವು. ಬೇರೆ ಕೋಣೆ ಇರುವವರು, ಒಬ್ಬರೇ ಇರುವವರು ನೈಟಿಯಲ್ಲೋ ಲುಂಗಿಯಲ್ಲೋ ನೆಮ್ಮದಿಯಾಗಿ ಕೆಲಸ ಮಾಡಲಿ, ಅವರು ಬಟ್ಟೆಗೆ ಹಣ ಸುರಿಯಬೇಕಾಗಿಲ್ಲ. ನನ್ನ ಹಾಗೆ ಮನೆಮಂದಿಯ ನಡುವೆ ಮೇಜು ಹಾಕಿಕೊಂಡವರಿಗೆ, ಅದರಲ್ಲೂ ಹೆಂಗಸರಿಗೆ, ಖಾದಿಯಂಥ ಸಡಿಲವಾದ, ಜೇಬಿರುವ, ಹೊರಗೆ ಹೋಗಲೂ ಸಲ್ಲುವ ಹತ್ತಿಯ ಉಡುಪನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಅತ್ತೆ ಗದಗಿನಿಂದ ಬಂದ ಮೇಲೆ ನೋಟ್‌ಬುಕ್ ತೋರಿಸಿದೆ. ಎರಡು ಸಾಲಿನ ಸಂಖ್ಯೆಗಳನ್ನು ಬೆರಳಿಟ್ಟು ನೋಡಿದರು. "ನಾನು ಅಷ್ಟು ಸಲ ಕರೆಯುತ್ತೇನೆಯೇ?" ಎಂದರು. ನೀವೊಬ್ಬರೇ ಅಲ್ಲ ಅತ್ತೆ, ಅರ್ಧ ಸಲ ಯಾರೂ ಕರೆಯದೆ ನಾನೇ ಎದ್ದಿದ್ದೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಖಾದಿ ಎರಡೇ ಇವೆ, ಮಳೆ ಶುರುವಾದರೆ ಒಣಗುವುದಿಲ್ಲ. ಇನ್ನೆರಡು ಹೊಲಿಸು" ಎಂದರು.

ಶನಿವಾರ ಇಬ್ಬರೂ ಬೆಂಗೇರಿಗೆ ಹೊರಟಿದ್ದೇವೆ. ಈ ಸಲ ಕಡುನೀಲಿ ಬಣ್ಣ ತರಬೇಕೆಂದಿದ್ದೇನೆ, ತಿಳಿ ಬಣ್ಣದ ಮೇಲೆ ಪೆನ್ನಿನ ಕಲೆ ಎದ್ದು ಕಾಣುತ್ತದೆ.