ತೈಮೂರ್ ಎಂದು ಹುಡುಕಿದಾಗ: ಹೆಸರುಗಳ ಆ್ಯಪ್ ಒಂದರ ವಿಮರ್ಶೆ

ಮಕ್ಕಳಿಗೆ ಹೆಸರಿಡುವವರಿಗಾಗಿ ನಾನಾ ದೇಶಗಳ ಹೆಸರುಗಳ ಅರ್ಥವನ್ನೂ ಮೂಲವನ್ನೂ ತಿಳಿಸುವ ಆ್ಯಪ್ ಒಂದನ್ನು ಈಚೆಗೆ ಬಳಸಿ ನೋಡಿದೆ. ಇಂಥದನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತಿಳಿಯಬೇಕಾದರೆ, ಚರಿತ್ರೆಯಲ್ಲಿ ಗಟ್ಟಿ ದಾಖಲೆಯಿರುವ ಹೆಸರೊಂದನ್ನು ಕೊಟ್ಟು ಪರೀಕ್ಷಿಸಬೇಕು. ನಾನು ಕೊಟ್ಟದ್ದು ತೈಮೂರ್. ಬಂದ ಉತ್ತರ ಒಂದೇ ಸಾಲಿನದು: ‘ಅರಬ್ಬೀ ಮೂಲ, ಗಂಡು, ವೀರ’. ಇವುಗಳಲ್ಲಿ ಸರಿಯಾದದ್ದು ನಡುವಿನದೊಂದೇ.

ಈ ಹೆಸರು ಟರ್ಕಿಯಿಂದ ಮಧ್ಯ ಏಷ್ಯಾದವರೆಗೆ ಹರಡಿರುವ ತುರ್ಕಿಕ್ ಭಾಷೆಗಳದು, ಅದರ ಅರ್ಥ ಕಬ್ಬಿಣ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 732ರಲ್ಲಿ ನಿಲ್ಲಿಸಿದ ತುರ್ಕರ ರಾಜಕುಮಾರ ಕ್ಯುಲ್ ತೆಗಿನ್‌ನ ಸ್ಮಾರಕ ಶಾಸನದಲ್ಲಿ, ತುರ್ಕರ ಸೇನೆ ಪಶ್ಚಿಮಕ್ಕೆ ‘ತೆಮಿರ್ ಕಪಿಗ್’, ಅಂದರೆ ಕಬ್ಬಿಣದ ಬಾಗಿಲಿನವರೆಗೆ ದಂಡೆತ್ತಿ ಹೋದ ಮಾತು ಬರುತ್ತದೆ. ಆ ಇಕ್ಕಟ್ಟಾದ ಕಣಿವೆದಾರಿ ಇರುವುದು ಇಂದಿನ ಉಜ್ಬೇಕಿಸ್ತಾನದ ದಕ್ಷಿಣದಲ್ಲಿ, ದಂಡಯಾತ್ರೆಗಳಿಗೆ ಹೆಸರಾದ ಮಧ್ಯ ಏಷ್ಯಾದ ದೊರೆ ತೈಮೂರ್ ಹುಟ್ಟಿದ ಶಹ್ರಿಸಬ್ಜ್ ಸೀಮೆಯ ಆಚೆಗೆ. 11ನೆಯ ಶತಮಾನದ ವಿದ್ವಾಂಸ ಮಹಮೂದ್ ಕಾಶ್ಗರಿಯ ತುರ್ಕಿಕ್ ನಿಘಂಟಿನಲ್ಲಿಯೂ ಈ ಪದ ಕಬ್ಬಿಣವೆಂಬ ಅರ್ಥದಲ್ಲಿಯೇ ಇದೆ. ಆ್ಯಪ್ ಮಾಡಿದವರು ಮುಸ್ಲಿಮರಲ್ಲಿ ಬಳಕೆಯಲ್ಲಿರುವ ಹೆಸರುಗಳಿಗೆಲ್ಲ ಅರಬ್ಬೀ ಎಂಬ ಚೀಟಿ ಅಂಟಿಸಿ, 1405ರಲ್ಲಿ ತೀರಿಕೊಂಡ ಆ ದೊರೆಯ ಪರಾಕ್ರಮವನ್ನೇ ಹೆಸರಿನ ಅರ್ಥವೆಂದು ಬಗೆದಂತೆ ಕಾಣುತ್ತದೆ.

ಕಬ್ಬಿಣವೆಂಬ ಹೆಸರಿನ ಹಿಂದೆ ಇರುವುದು ಯುದ್ಧದ ಹಂಬಲವೊಂದೇ ಅಲ್ಲ, ಮಗು ಗಟ್ಟಿಯಾಗಿ ಬಾಳಲಿ ಎಂಬ ಹಾರೈಕೆ ಕೂಡ. ಕಜಕರು ಅಲುಗದ ಧ್ರುವನಕ್ಷತ್ರವನ್ನು ‘ತೆಮಿರ್‌ಕಜಿಕ್’, ಕಬ್ಬಿಣದ ಗೂಟ, ಎಂದೇ ಕರೆಯುತ್ತಾರೆ. ಅದೇ ನಾಡುಗಳಲ್ಲಿ ಬಳಕೆಯಲ್ಲಿರುವ ತುರ್ಸುನ್ ಎಂಬ ಹೆಸರಿಗೆ ‘ಉಳಿಯಲಿ’ ಎಂಬ ಅರ್ಥವನ್ನು ಆ್ಯಪ್ ಸರಿಯಾಗಿಯೇ ಕೊಟ್ಟಿದೆ ಎಂಬುದನ್ನು ಒಪ್ಪಬೇಕು.

ರೂಪಭೇದಗಳ ಸಂಗ್ರಹ ಚೆನ್ನಾಗಿದೆ. ಟರ್ಕಿಯ ದೆಮಿರ್, ಕಜಕರ ತೆಮಿರ್, ಉಜ್ಬೇಕರ ತೆಮುರ್, ತಾತಾರರ ತಿಮೆರ್ ಎಲ್ಲವೂ ಸಿಗುತ್ತವೆ. ಆದರೆ ಒಂದೇ ಬೇರಿನ ಈ ಹೆಸರುಗಳು ಬೇರೆಬೇರೆ ಪುಟಗಳಲ್ಲಿ, ಒಂದಕ್ಕೊಂದು ನಂಟೇ ಇಲ್ಲದಂತೆ ಬಿದ್ದಿವೆ. ಟರ್ಕಿ, ಅಜರ್‌ಬೈಜಾನ್‌ಗಳ ಭಾಷೆಗಳಲ್ಲಿ ಮೊದಲ ತಕಾರ ದಕಾರವಾಗಿದೆ ಎಂಬ ಒಂದು ವಾಕ್ಯವಿದ್ದರೂ ಓದುಗರಿಗೆ ದಾರಿ ಸಿಗುತ್ತಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಚೆಂಗಿಸ್ ಖಾನನ ಹುಟ್ಟುಹೆಸರಾದ ತೆಮುಜಿನ್ ಅನ್ನು ಮಾತ್ರ ‘ತೈಮೂರ್‌ನ ಇನ್ನೊಂದು ರೂಪ’ ಎಂದು ಸೇರಿಸಿದ್ದಾರೆ. ಅದು ಮಂಗೋಲ್ ಹೆಸರು. ಕಬ್ಬಿಣದ ಪದಕ್ಕೂ ಅದಕ್ಕೂ ಸಂಬಂಧವನ್ನು ವಿದ್ವಾಂಸರು ಹೇಳುತ್ತಾರಾದರೂ, ತಂದೆ ಯೆಸುಗೈ ತಾನು ಸೆರೆಹಿಡಿದ ತಾತಾರ್ ನಾಯಕನ ಹೆಸರನ್ನೇ ಮಗನಿಗಿಟ್ಟನೆಂದು ಮಂಗೋಲರ ಪ್ರಾಚೀನ ಇತಿವೃತ್ತ ತಿಳಿಸುತ್ತದೆ.

ಉಚ್ಚಾರಣೆಯ ಧ್ವನಿಮುದ್ರಿಕೆ ಸ್ಪಷ್ಟವಾಗಿದೆ, ಹುಡುಕಾಟವೂ ಚುರುಕಾಗಿದೆ. ಹಣ ಕೊಟ್ಟು ತೆರೆಯಬೇಕಾದ ‘ಹೆಸರಿನ ಪೂರ್ಣ ಮೂಲ’ ಎಂಬ ಭಾಗದಲ್ಲಿ ಇತಿಹಾಸವಿರಬಹುದೆಂದು ನಿರೀಕ್ಷಿಸಿದ್ದೆ. ಅಲ್ಲಿದ್ದದ್ದು ಅದೃಷ್ಟಸಂಖ್ಯೆ, ಅದೃಷ್ಟದ ಬಣ್ಣ ಮತ್ತು ಅದೃಷ್ಟದ ರತ್ನ. ಲೋಹದ ಹೆಸರಿಗೆ ಅದೃಷ್ಟದ ಲೋಹವನ್ನಾದರೂ ಸೂಚಿಸಬಹುದಿತ್ತು. ಉಚಿತ ಭಾಗವನ್ನು ಹೆಸರುಗಳ ಪಟ್ಟಿಯಾಗಿ ಬಳಸಿಕೊಳ್ಳಲು ಅಡ್ಡಿಯಿಲ್ಲ. ಚಂದಾ ಕಟ್ಟುವ ಅಗತ್ಯವಿಲ್ಲ.