ಶಾಖೆಗಳ ಔಟ್‌ಲುಕ್ ಮೇಲ್ ವಿಪಿಎನ್‌ನಿಂದ ಬಿಡಿಸಿಕೊಟ್ಟರು: ಐದಕ್ಕೆ ನಾಲ್ಕು ಸ್ಟಾರ್

ನಮ್ಮದು ಅಕ್ಕಿ ವ್ಯಾಪಾರ. ಹೆಡ್ ಆಫೀಸ್ ಬಳ್ಳಾರಿಯಲ್ಲಿ, ಶಾಖೆಗಳು ಸಿರುಗುಪ್ಪ, ಗಂಗಾವತಿ, ಸಿಂಧನೂರಿನಲ್ಲಿ. ಗಿರಣಿ ರೇಟು, ಲಾರಿ ನಂಬರು, ತೂಕದ ಚೀಟಿ, ಇನ್‌ವಾಯ್ಸ್ ಎಲ್ಲವೂ ಮೇಲ್‌ನಲ್ಲೇ ಓಡಾಡುತ್ತವೆ. ಶಾಖೆಯವರ ಮೇಲ್ ಅನ್ನು ಹೊಸ ಕನೆಕ್ಷನ್‌ಗೆ ಬದಲಾಯಿಸುವ ಕೆಲಸವನ್ನು ಈ ಕಂಪ್ಯೂಟರ್ ಅಂಗಡಿಯವರಿಗೆ ಕೊಟ್ಟಿದ್ದೆವು. ಚೆನ್ನಾಗಿ ಮಾಡಿಕೊಟ್ಟಿದ್ದಾರೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ.

ಮೊದಲಿನ ಪಾಡು ಹೇಳ್ತೀನಿ. ಎಲ್ಲರ ಮೇಲ್ ಇಟ್ಟುಕೊಳ್ಳುವ ನಮ್ಮ ಎಕ್ಸ್‌ಚೇಂಜ್ ಸರ್ವರ್ ಹೆಡ್ ಆಫೀಸಿನಲ್ಲೇ ಇತ್ತು, ಹಳೇದು. ಕಂಪ್ಯೂಟರಲ್ಲಿ ಮೇಲ್ ನೋಡುವ ಔಟ್‌ಲುಕ್ ಅದರ ಜೊತೆ ಮಾತಾಡುತ್ತಿದ್ದದ್ದು ಆರ್‌ಪಿಸಿ ಅನ್ನುವ ಹಳೆ ದಾರಿಯಲ್ಲಿ. ಅದಕ್ಕೆ ಬೇಕಾದ ಪೋರ್ಟ್‌ಗಳು, ಅಂದ್ರೆ ನೆಟ್‌ವರ್ಕ್‌ನ ಬಾಗಿಲುಗಳು, ಬಹಳ, ಅಷ್ಟನ್ನೂ ಇಂಟರ್‌ನೆಟ್‌ಗೆ ತೆರೆದಿಡೋಕೆ ಆಗಲ್ಲ. ಹಾಗಾಗಿ ಶಾಖೆಯವರು ಬೆಳಿಗ್ಗೆ ಬಂದ ತಕ್ಷಣ ಮೊದಲು ವಿಪಿಎನ್ (ಇಂಟರ್‌ನೆಟ್ ಮೂಲಕವೇ ಹೆಡ್ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಖಾಸಗಿ ದಾರಿ) ಹಚ್ಚಬೇಕು, ಆಮೇಲೆ ಔಟ್‌ಲುಕ್ ತೆಗೆಯಬೇಕು. ಸಿರುಗುಪ್ಪದಲ್ಲಿ ಬೇಸಿಗೆ ಬಂತು ಅಂದ್ರೆ ಕರೆಂಟು ಹೋಗೋದು ಬರೋದು ಇದ್ದದ್ದೇ. ಕರೆಂಟು ಹೋದರೆ ರೂಟರ್ ಆಫ್, ವಿಪಿಎನ್ ಕಟ್, ಔಟ್‌ಲುಕ್ ಅಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಪಾಸ್‌ವರ್ಡ್ ಹಾಕು, ಮತ್ತೆ ಕಾಯಿ. ಬೇಸರ ಬಂದು ಹುಡುಗರು ರೇಟು, ಚೀಟಿ ಎಲ್ಲಾ ವಾಟ್ಸಾಪಲ್ಲಿ ಕಳಿಸೋಕೆ ಶುರು ಮಾಡಿದ್ದರು. ಆಡಿಟ್ ಟೈಮಲ್ಲಿ ಅದನ್ನೆಲ್ಲ ಎಲ್ಲಿಂದ ಹುಡುಕೋದು?

ಈಗ ಮೇಲ್‌ಬಾಕ್ಸ್‌ಗಳು ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ, ಅಂದ್ರೆ ಅವರದೇ ಸರ್ವರ್‌ಗಳಲ್ಲಿ ಇವೆ. ಔಟ್‌ಲುಕ್ ನೇರವಾಗಿ ಅಲ್ಲಿಗೇ ಹೋಗುತ್ತದೆ, ನಡುವೆ ವಿಪಿಎನ್ ಬೇಕಿಲ್ಲ. ಈ ಹೊಸ ದಾರಿಗೆ ಮ್ಯಾಪಿ ಓವರ್ ಎಚ್‌ಟಿಟಿಪಿ ಅಂತ ಹೆಸರು, 2014ರಲ್ಲಿ ಎಕ್ಸ್‌ಚೇಂಜ್ 2013ರ ಸರ್ವಿಸ್ ಪ್ಯಾಕ್ 1ರ ಜೊತೆ ಬಂದದ್ದು. ಬ್ಯಾಂಕಿನ ವೆಬ್‌ಸೈಟ್ ತೆರೆಯುವ ಅದೇ 443 ಪೋರ್ಟ್‌ನಲ್ಲಿ, ಎನ್‌ಕ್ರಿಪ್ಟ್ ಆಗಿ ಹೋಗುತ್ತದೆ. ನಮಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ಅದರ ಇನ್ನೊಂದು ಗುಣ. ಬ್ರಾಡ್‌ಬ್ಯಾಂಡ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಮೊದಲಿಂದ ಶುರು ಮಾಡಲ್ಲ. ನಮ್ಮ ಕಡೆಯ ಕರೆಂಟಿಗೆ ಇದೇ ಸರಿ.

ಇಷ್ಟೆಲ್ಲ ತಂತ್ರಜ್ಞಾನದ ಮಾತಾಯಿತು. ಅಂಗಡಿಯವರ ಕೆಲಸ ಹೇಗೆ ಅಂದರೆ, ಬೇರೆಯವರು ಒಂದು ಭಾನುವಾರ ರಾತ್ರಿ ಎಲ್ಲಾ ಶಾಖೆಗಳನ್ನೂ ಇಲ್ಲಿಂದಲೇ ರಿಮೋಟಲ್ಲಿ ಬದಲಾಯಿಸ್ತೀವಿ ಅಂದಿದ್ದರು. ಇವರು ಒಪ್ಪಲಿಲ್ಲ. ನೆಟ್ ಎಲ್ಲಿ ತೀರಾ ಕಳಪೆಯೋ ಅಲ್ಲಿಂದಲೇ ಶುರು ಮಾಡೋಣ, ಅಲ್ಲಿ ನಡೆದರೆ ಎಲ್ಲಾ ಕಡೆ ನಡೆಯುತ್ತೆ ಅಂತ ಸಿರುಗುಪ್ಪಕ್ಕೆ ಹೋದರು. ಅದಕ್ಕೂ ಮೊದಲು ಯಾವ ಕಂಪ್ಯೂಟರಲ್ಲಿ ಯಾವ ಎಂಎಸ್ ಆಫೀಸ್ ಇದೆ ಅಂತ ಪಟ್ಟಿ ಮಾಡಿದರು. ಕೆಲವು ಕಡೆ ಆಫೀಸ್ 2010 ಇತ್ತು. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಹಳೆ ಯೂಸರ್‌ನೇಮ್ ಪಾಸ್‌ವರ್ಡ್ ಪದ್ಧತಿಯನ್ನು ನಿಲ್ಲಿಸುತ್ತಾ ಬಂದಿದೆ, ಹೊಸ ಲಾಗಿನ್ ಪದ್ಧತಿ 2010ರ ಔಟ್‌ಲುಕ್‌ಗೆ ಗೊತ್ತಿಲ್ಲ, ಹಾಗಾಗಿ ಅವನ್ನು ಬದಲಾಯಿಸಲೇಬೇಕು ಅಂತ ಕೊಟೇಶನ್ ಕೊಡೋ ಮುಂಚೆನೇ ಹೇಳಿದರು. ಖರ್ಚಿನ ಮಾತು ಮೊದಲೇ ಹೇಳುವವರು ಕಡಿಮೆ.

ಔಟ್‌ಲುಕ್ ಮೇಲ್‌ನ ಒಂದು ಕಾಪಿಯನ್ನು ಕಂಪ್ಯೂಟರಲ್ಲೂ ಇಟ್ಟುಕೊಳ್ಳುತ್ತದೆ. ಹೊಸ ಪ್ರೊಫೈಲ್ ಮಾಡಿದರೆ ಆ ಕಾಪಿ ಮತ್ತೆ ಡೌನ್‌ಲೋಡ್ ಆಗಬೇಕು. ಎಲ್ಲರದ್ದೂ ಒಟ್ಟಿಗೆ ಶುರುವಾದರೆ ಸಿರುಗುಪ್ಪದ ಲೈನು ಸತ್ತೇ ಹೋಗುತ್ತಿತ್ತು. ಇವರು ಮೂರು ತಿಂಗಳ ಮೇಲ್ ಮಾತ್ರ ಇಳಿಯುವಂತೆ ಇಟ್ಟು, ಒಂದೊಂದೇ ಟೇಬಲ್ ಮುಗಿಸಿಕೊಂಡು ಹೋದರು. ಅಷ್ಟರಲ್ಲಿ ಅಕೌಂಟ್ಸ್ ನೋಡುವ ನಮ್ಮ ಅಕ್ಕನವರಿಗೆ ಗಾಬರಿ, ಹೋದ ವರ್ಷದ ಮೇಲ್ ಒಂದೂ ಕಾಣ್ತಿಲ್ಲ ಅಂತ. ಅಂಗಡಿಯ ಹುಡುಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. "ಎಲ್ಲೂ ಹೋಗಿಲ್ರಿ ಅಕ್ಕಾ, ಸರ್ವರ್‌ನಾಗ ಐತಿ, ಕೆಳಗಿನ ತನಕ ಬರ್ರಿ" ಅಂದ. ಪಟ್ಟಿಯ ಕೊನೆಗೆ ಹೋದರೆ, ಸರ್ವರ್‌ನಲ್ಲಿ ಇನ್ನೂ ಮೇಲ್ ಇವೆ, ನೋಡಲು ಇಲ್ಲಿ ಕ್ಲಿಕ್ ಮಾಡಿ ಅನ್ನುವ ಒಂದು ಸಾಲು ಬರುತ್ತದೆ. ಅದನ್ನು ಅವರ ಕೈಯಲ್ಲೇ ಒತ್ತಿಸಿದ. ಹಳೆ ಮೇಲ್‌ಗಳು ಸಾಲಾಗಿ ಬಂದವು. ಆಮೇಲೆ ಅವರೇ ಉಳಿದವರಿಗೆ ತೋರಿಸಿಕೊಟ್ಟರು.

ಕೆಲಸ ಆಗಿದೆಯೋ ಇಲ್ಲವೋ ಅಂತ ನಾವೇ ನೋಡೋದನ್ನೂ ಹೇಳಿಕೊಟ್ಟರು. ಗಡಿಯಾರದ ಹತ್ತಿರ ಇರುವ ಔಟ್‌ಲುಕ್ ಗುರುತಿನ ಮೇಲೆ ಕಂಟ್ರೋಲ್ ಕೀ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿ, ಕನೆಕ್ಷನ್ ಸ್ಟೇಟಸ್ ತೆಗೆಯಿರಿ. ಪ್ರೋಟೋಕಾಲ್ ಅನ್ನುವ ಕಾಲಂನಲ್ಲಿ ಎಚ್‌ಟಿಟಿಪಿ ಅಂತ ಇದ್ದರೆ ಹೊಸ ದಾರಿ. ಇನ್ನೊಂದು ಸೂಕ್ಷ್ಮ ಕೆಲಸ: ಹಳೆ ಸರ್ವರ್‌ನ ಒಳಗಿನ ವಿಳಾಸಗಳನ್ನು ಹೊಸ ಮೇಲ್‌ಬಾಕ್ಸ್‌ಗೂ ಸೇರಿಸಿದ್ದಾರೆ. ಅದನ್ನು ಬಿಟ್ಟಿದ್ದರೆ ನಮ್ಮವರೇ ಕಳಿಸಿದ್ದ ಹಳೆ ಮೇಲ್‌ಗೆ ರಿಪ್ಲೈ ಮಾಡಿದಾಗ ವಾಪಸ್ ಬರುತ್ತಿತ್ತಂತೆ. ನಮಗೆ ಅಂಥದ್ದು ಒಂದೂ ಬರಲಿಲ್ಲ.

ಇನ್ನು ದೂರು. ಗಂಗಾವತಿಯಲ್ಲಿ ತೂಕದ ಚೀಟಿ ಸ್ಕ್ಯಾನ್ ಮಾಡಿದರೆ ಮಷೀನೇ ನೇರ ಮೇಲ್ ಕಳಿಸುತ್ತಿತ್ತು, ಹಳೆ ಸರ್ವರ್ ಮೂಲಕ. ಸರ್ವರ್ ನಿಲ್ಲಿಸಿದ ದಿನ ಅದೂ ನಿಂತಿತು. ಲಾರಿಗಳು ಗೇಟಲ್ಲಿ, ಹುಡುಗರು ಚೀಟಿಯ ಫೋಟೋ ಹೊಡೆದು ಕಳಿಸುವ ಹಳೆ ಕಥೆ ಮತ್ತೆ. ಫೋನ್ ಮಾಡಿದ ಮೇಲೆ ಬಂದು ಸರಿ ಮಾಡಿದರು, ದುಡ್ಡು ತಗೊಳ್ಳಲಿಲ್ಲ, ನಿಜ. ಆದರೆ ಕಂಪ್ಯೂಟರ್ ಪಟ್ಟಿ ಮಾಡಿದವರು ಮೇಲ್ ಕಳಿಸುವ ಮಷೀನುಗಳ ಪಟ್ಟಿಯನ್ನೂ ಮಾಡಬೇಕಿತ್ತು ಅಲ್ವಾ? ಜೊತೆಗೆ, ಕೊನೆಗೆ ಕೊಟ್ಟ ಸೂಚನೆಯ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ. ಬಾಯಲ್ಲಿ ಅಷ್ಟು ಚೆನ್ನಾಗಿ ಕನ್ನಡದಲ್ಲಿ ಹೇಳಿಕೊಟ್ಟವರಿಗೆ ಅದನ್ನೇ ಬರೆದುಕೊಡೋದು ಕಷ್ಟವಲ್ಲ. ಹೊಸದಾಗಿ ಸೇರುವ ಹುಡುಗರಿಗೆ ಉಳಿಯೋದು ಆ ಹಾಳೆ ಒಂದೇ.

ಟ್ಯಾಲಿಗೆ ಮಾತ್ರ ನಾವು ಈಗಲೂ ವಿಪಿಎನ್ ಹಚ್ಚುತ್ತೇವೆ, ಅದು ಈ ಕೆಲಸದಲ್ಲಿ ಸೇರಿರಲಿಲ್ಲ. ಸಿಂಧನೂರಿನಲ್ಲಿ ಹೊಸ ಗೋಡೌನ್ ಆಫೀಸ್ ತೆರೆಯುತ್ತಿದ್ದೇವೆ, ಅದರ ಮೇಲ್ ಕೆಲಸವನ್ನೂ ಇವರಿಗೇ ಹೇಳಿದ್ದೇವೆ. ಈ ಸಲ ಸ್ಕ್ಯಾನರ್ ಪಟ್ಟಿಯನ್ನು ನಾವೇ ಮೊದಲು ಕೈಗೆ ಕೊಡುತ್ತೇವೆ.