ಲ್ಯಾಪ್‌ಟಾಪ್‌ಗೆ ಪಂಚರ್ ಅಂಗಡಿಯ ಗಾಳಿ ಹೊಡೆಸಬೇಡಿ

ಲ್ಯಾಪ್‌ಟಾಪ್ ಧೂಳು ತೆಗೆಯಲು ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಸಾಕು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನಾನು ಕೇಳಿದೆ. ಹಾಳಾಗಿದ್ದು ನನ್ನ ತಂಗಿಯ ಲ್ಯಾಪ್‌ಟಾಪ್. ಅವಳು ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸಲು 11 ದಿನ ಬಾಕಿ ಇತ್ತು.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಸುತ್ತ ಆಲೆಮನೆಗಳು. ಕೊಪ್ಪರಿಗೆ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಉರಿಸುತ್ತಾರೆ. ಅದರ ಬೂದಿ ಹಾರಿ ಬಂದು ಕಿಟಕಿ, ಹಾಸಿಗೆ, ಒಗೆದ ಬಟ್ಟೆ ಎಲ್ಲದರ ಮೇಲೂ ಕೂರುತ್ತದೆ. ಲ್ಯಾಪ್‌ಟಾಪ್ ಒಳಗೆ ಹೋಗದೆ ಇರುತ್ತಾ? ಏಪ್ರಿಲ್ ಬಿಸಿಲು ಬೇರೆ. ಫ್ಯಾನ್ ಸದ್ದು ಜೋರಾಯಿತು, ತಳ ಕಾದ ಹೆಂಚಿನಂತಾಯಿತು. ಅರ್ಧ ಗಂಟೆ ಕೆಲಸ ಮಾಡಿದರೆ ತಾನಾಗಿಯೇ ಆಫ್ ಆಗುತ್ತಿತ್ತು.

ಬೈಕಿಗೆ ಗಾಳಿ ಹಾಕಿಸಲು ಹೋಗುವಾಗ ಅದನ್ನೂ ಒಯ್ದೆ. "ಕೊಡಣ್ಣ, ಒಂದ್ನಿಮ್ಷ" ಅಂದ ಅಲ್ಲಿದ್ದ ಹುಡುಗ. ಬಿಸಿಗಾಳಿ ಹೊರಬರುವ ಕಿಂಡಿಗೆ ಪೈಪ್ ಹಿಡಿದು ಒತ್ತಿದ. ಒಳಗಿನ ಫ್ಯಾನ್ ಕುಯ್ಯೋ ಅಂತ ಕಿರುಚಿತು. ಧೂಳು ಭುಸ್ಸನೆ ಹೊರಬಂತು. ಅಲ್ಲೇ ಆನ್ ಮಾಡಿದೆ. ಪರದೆ ಬೆಳಗಿತು, ಮರುಕ್ಷಣ ಕಪ್ಪಾಯಿತು. ಮತ್ತೆ ಏಳಲೇ ಇಲ್ಲ. ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ಅವನಿಗೆ ಗೊತ್ತಿರುವುದು ಟೈರಿನ ಕೆಲಸ. ಹೊಡಿ ಅಂದದ್ದು ನಾನು.

ಮೈಸೂರಿನಲ್ಲಿ ರಿಪೇರಿ ಮಾಡುವವರೊಬ್ಬರು ಬಿಚ್ಚಿ, ಭೂತಗನ್ನಡಿ ಹಿಡಿದು ತೋರಿಸಿದರು. ಬೋರ್ಡ್ ಮೇಲೆ ನೀರಿನ ಕಲೆ, ಪಕ್ಕದಲ್ಲೇ ಸುಟ್ಟ ಗುರುತು. ನೀರು ಎಲ್ಲಿಂದ ಬಂತು ಸಾರ್ ಅಂತ ಕೇಳಿದೆ. ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿರುವ ತೇವ ಟ್ಯಾಂಕಿನೊಳಗೆ ನೀರಾಗಿ ನಿಲ್ಲುತ್ತದಂತೆ. ಅದನ್ನು ಬಸಿಯಲೆಂದೇ ಟ್ಯಾಂಕಿನ ತಳದಲ್ಲಿ ಒಂದು ವಾಲ್ವ್ ಇರುತ್ತದೆ. ಬಸಿಯದಿದ್ದರೆ ಆ ನೀರು, ಕೆಲವೊಮ್ಮೆ ಆಯಿಲ್ ಕೂಡ, ಗಾಳಿಯ ಜೊತೆ ಬರುತ್ತದೆ. ಟೈರಿಗೆ ಪರವಾಗಿಲ್ಲ. ಬೋರ್ಡಿಗೆ?

ಫ್ಯಾನ್ ಕೂಡ ಹೋಗಿತ್ತು. ಅಷ್ಟು ಜೋರಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಇನ್ನೊಂದು ವಿಷಯ ನನಗೆ ಹೊಸದು. ಹೊರಗಿನ ಗಾಳಿಗೆ ತಿರುಗುವ ಫ್ಯಾನಿನ ಮೋಟರ್ ತಾನೇ ಕರೆಂಟ್ ಹುಟ್ಟಿಸಿ ಬೋರ್ಡ್ ಕಡೆಗೆ ತಳ್ಳಬಹುದು. ಇಷ್ಟೆಲ್ಲ ಆಗಿಯೂ ಧೂಳು ಅಲ್ಲೇ ಇತ್ತು! ಫ್ಯಾನ್‌ಗೂ ಅದರ ಮುಂದಿನ, ಬಿಸಿ ಹೊರಬಿಡುವ ತೆಳು ತಗಡುಗಳಿಗೂ ನಡುವೆ ಹತ್ತಿಯ ಪದರದಂತೆ ಕಟ್ಟಿಕೊಂಡಿತ್ತು. ಹೊರಗಿನಿಂದ ಊದಿದರೆ ಅದು ಒಳಕ್ಕೇ ಹೋಗುತ್ತದೆ.

ಅವರು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ತಳದ ಮುಚ್ಚಳ ತೆಗೆದು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿದರು. ಆಫ್ ಮಾಡಿದ್ದರೂ ಬ್ಯಾಟರಿಯಿಂದ ಬೋರ್ಡಿಗೆ ಕರೆಂಟ್ ಇರುತ್ತದೆ. ಸ್ಕ್ರೂಗಳು ಎರಡು ಅಳತೆಯವು, ಯಾವುದು ಎಲ್ಲಿಯದು ಅಂತ ಕಾಗದದ ಮೇಲೆ ಜೋಡಿಸಿಟ್ಟರು. ಫ್ಯಾನಿನ ರೆಕ್ಕೆ ಅಲ್ಲಾಡದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಧೂಳು ಎಬ್ಬಿಸಿದರು. ಕೈಯಲ್ಲಿ ಒತ್ತುವ ರಬ್ಬರ್ ಬುರುಡೆಯಿಂದ ಉಳಿದದ್ದನ್ನು ಊದಿದರು. ಚಿಪ್‌ನ ಬಿಸಿಯನ್ನು ಹೊರಕ್ಕೆ ಸಾಗಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿದರು.

ಬೋರ್ಡ್ ರಿಪೇರಿ, ಫ್ಯಾನ್ ಸೇರಿ 6,800 ರೂಪಾಯಿ ಆಯಿತು. ಪ್ರಾಜೆಕ್ಟ್ ಫೈಲುಗಳು ಉಳಿದಿದ್ದವು. ಆದರೆ ಲ್ಯಾಪ್‌ಟಾಪ್ ಕೈಗೆ ಬಂದದ್ದು ಎಂಟು ದಿನದ ಮೇಲೆ. ಅಷ್ಟೂ ದಿನ ತಂಗಿ ಗೆಳತಿಯ ಮನೆಯಲ್ಲಿ ರಾತ್ರಿ ಕೂತು ಕೆಲಸ ಮಾಡಿದಳು.

ಯಾರಾದರೂ ಈಗಾಗಲೇ ಹೀಗೆ ಗಾಳಿ ಹೊಡೆಸಿಬಿಟ್ಟಿದ್ದರೆ, ಸರಿಯಾಯಿತಾ ನೋಡೋಣ ಅಂತ ಆನ್ ಮಾಡಬೇಡಿ. ಚಾರ್ಜರ್ ಕೂಡ ಹಾಕಬೇಡಿ. ಹಾಗೇ ಒಯ್ದು ಬ್ಯಾಟರಿ ಬಿಡಿಸಿ, ಒಣಗಿಸಿಕೊಡಿ ಅಂತ ಕೇಳಿ. ನಾನು ಅಲ್ಲೇ ಆನ್ ಮಾಡದಿದ್ದರೆ ಬೋರ್ಡ್ ಉಳಿಯುತ್ತಿತ್ತೇನೋ ಅಂದರು ಅವರು.